ಬೆನ್ನ ಮೇಲಿನ ಗುಡ್ಡ

ಫೆಬ್ರವರಿ ಬಂದ ಮೇಲೆ ಗ್ಲೆನಿಸ್ ಮನೆಯ ಬಟ್ಟೆ ಒಗೆಯುವ ಕೋಣೆ ಅವಳದ್ದಾಗಿ ಉಳಿದಿರಲಿಲ್ಲ. ಜೀಲಾಂಗಿನಲ್ಲಿ ಅಂಗಡಿ ಕೆಲಸ ಬಿಟ್ಟು ಮನೆಗೆ ವಾಪಸ್ಸು ಬಂದ ಮಗಳು ಟ್ಯಾಮ್ಸಿನ್, ಎರಡು ಸೂಟ್‌ಕೇಸಿನ ಜೊತೆ ಬಟ್ಟೆಗೆ ಚಿತ್ರ ಅಚ್ಚೊತ್ತುವ ಸ್ಕ್ರೀನ್ ಪ್ರಿಂಟಿಂಗಿನ ಚೌಕಟ್ಟುಗಳನ್ನೂ ತಂದಿದ್ದಳು. ವಾಷಿಂಗ್ ಮೆಷಿನ್ನಿನ ಮೇಲೆ ಶಾಯಿ ಡಬ್ಬಿಗಳು, ತೊಟ್ಟಿಯಲ್ಲಿ ಬಣ್ಣದ ನೀರು, ಇಸ್ತ್ರಿ ಮಾಡುವ ಮೇಜಿನ ತುಂಬ ಟೀ ಶರ್ಟುಗಳು. ಮನೆಯವರ ಬಟ್ಟೆ ಒಗೆಯಲು ಗ್ಲೆನಿಸ್ ತನ್ನ ಮನೆಯಲ್ಲೇ ಮಗಳ ಹತ್ತಿರ ಸಮಯ ಕೇಳಬೇಕಾಗಿತ್ತು.

“ನನ್ನ ಬನಿಯನ್ನಿಗೆ ಇದ್ಯಾವ ಬಣ್ಣ ಹತ್ತಿದೆ?” ಅಂತ ಒಂದು ಬೆಳಿಗ್ಗೆ ಗ್ಲೆನಿಸಳ ಅಪ್ಪ ಆಲ್ವಿನ್ ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೇಳಿದ.

“ಕಿತ್ತಳೆ. ಫ್ಯಾಷನ್ನು ತಾತ,” ಅಂದಳು ಟ್ಯಾಮ್ಸಿನ್.

“ನನಗೆ ಎಪ್ಪತ್ತೊಂಬತ್ತು. ನನ್ನ ಬನಿಯನ್ ನೋಡೋರು ಯಾರೇ?”

“ಡಾಕ್ಟ್ರು.”

ಗ್ಲೆನಿಸ್ ನಗು ತಡೆದುಕೊಂಡು ಟೀ ಬಗ್ಗಿಸಿದಳು. ಗಂಡ ಡೆಸ್ ಲಾರಿ ಓಡಿಸಿಕೊಂಡು ದೇಶದ ಆ ತುದಿಯ ಪರ್ತ್ ಕಡೆ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುವವನು. ಹಾಗಾಗಿ ಮನೆಯಲ್ಲಿ ಇದ್ದವರು ಈ ಮೂವರೇ. ಅಜ್ಜ ಮೊಮ್ಮಗಳು ಹೀಗೆ ಕಾಲೆಳೆದುಕೊಂಡಿದ್ದರೆ ಅವಳಿಗೆ ಸಮಾಧಾನ. ಅಮ್ಮ ಮರ್ಲ್ ತೀರಿಹೋದ ಮೇಲೆ ಅಪ್ಪನ ಬಾಯಿ ತೆರೆಸುವುದು ಸುಲಭದ ಮಾತಾಗಿರಲಿಲ್ಲ.

ಟ್ಯಾಮ್ಸಿನ್ ಟೀ ಶರ್ಟು ಅಚ್ಚು ಹಾಕಿಕೊಡುತ್ತಿದ್ದುದು ಹವ್ಯಾಸದ ಸಂಘಗಳಿಗೆ. ಪಾರಿವಾಳ ಹಾರಿಸುವವರಿಗೆ ಹನ್ನೆರಡು, ಹಳೇ ಟ್ರ್ಯಾಕ್ಟರ್ ಪ್ರೇಮಿಗಳಿಗೆ ಒಂಬತ್ತು, ಹೀಗೆ ಚಿಲ್ಲರೆ ಕೆಲಸ. ಮಾರ್ಚ್ ಮೊದಲ ವಾರ ಎದುರು ಮನೆಯ ವರ್ನಾ ರಸ್ತೆ ದಾಟಿ ಬಂದು, ಒಂದೇ ಏಟಿಗೆ ಅರವತ್ತು ಬೇಕು ಅಂದಾಗ ಹುಡುಗಿಯ ಮುಖ ಅರಳಿಬಿಟ್ಟಿತು.

ವರ್ನಾ ಊರಿನ ಡಿಟೆಕ್ಟರ್ ಕ್ಲಬ್ಬಿನ ಕಾರ್ಯದರ್ಶಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಯಂತ್ರ ಹಿಡಿದು, ಕಾಡಿನ ನೆಲದ ಮೇಲೆ ಗಂಟೆಗಟ್ಟಲೆ ಅದನ್ನು ಆಡಿಸುತ್ತಾ, ಕೀಂಯ್ ಅಂದ ಕಡೆ ಅಗೆದು ಚಿನ್ನ ಹುಡುಕುವ ಜನ ಇವರು. ಹತ್ತು ಸಲ ಅಗೆದರೆ ಒಂಬತ್ತು ಸಲ ಸಿಗುವುದು ತುಕ್ಕು ಹಿಡಿದ ಮೊಳೆ. ಆದರೂ ಬಿಡುವವರಲ್ಲ. ಕ್ಲಬ್ಬಿಗೆ ಈಸ್ಟರಿಗೆ ನಲವತ್ತು ವರ್ಷ ತುಂಬುತ್ತಿತ್ತು.

“ಬೆನ್ನ ಮೇಲೆ ಏನಾದ್ರೂ ಚೆಂದದ ಚಿತ್ರ ಹಾಕು,” ಅಂದಳು ವರ್ನಾ. “ಸಲಿಕೆ, ಗುದ್ದಲಿ ಬೇಡ. ಅದು ಎಲ್ಲಾ ಕ್ಲಬ್ಬಲ್ಲೂ ಇದೆ. ಕೆಳಗೆ ಬರಿ: ‘ಸಂಜೆ ಊಟಕ್ಕೆ ಬಂದ್ಬಿಡ್ತೀವಿ.’”

“ಯಾರಾದ್ರೂ ಒಂದಿನಾನಾದ್ರೂ ಬಂದಿದ್ದೀರಾ?” ಅಂತ ಗ್ಲೆನಿಸ್ ಕೇಳಿದಳು.

“ಇಲ್ಲ. ಅದಕ್ಕೇ ಬರಿ ಅಂದಿದ್ದು.”

ಆ ಕ್ಲಬ್ಬಿನಲ್ಲಿ ಬರೆದಿಡದ ಕಟ್ಟಳೆಗಳು ಎರಡು. ಒಂದು, ಚಿನ್ನ ಎಲ್ಲಿ ಸಿಕ್ಕಿತು ಅಂತ ಯಾರನ್ನೂ ಕೇಳಬಾರದು. ಕೇಳಿದರೆ ‘ನೆಲದಲ್ಲಿ’ ಅನ್ನುವುದೇ ಉತ್ತರ. ಎರಡನೆಯದು, ಇನ್ನೊಬ್ಬರು ಕೊಟ್ಟ ಸುಳಿವಿನಿಂದ ಸಿಕ್ಕಿದ್ದರಲ್ಲಿ ಅರ್ಧ ಸುಳಿವು ಕೊಟ್ಟವರಿಗೆ. ಆಲ್ವಿನ್ ಯಾರಿಗೂ ಸುಳಿವು ಕೊಟ್ಟವನಲ್ಲ, ಯಾರಿಂದಲೂ ತೆಗೆದುಕೊಂಡವನೂ ಅಲ್ಲ. ಅವನಿಗೊಂದು ಜಾಗವಿತ್ತು. ಮಂಗಳವಾರ ಬಂತೆಂದರೆ ಒಬ್ಬನೇ ಹೋಗುತ್ತಿದ್ದ. ಹಿಂದೊಮ್ಮೆ ಅಲ್ಲಿಂದ ಕೋಳಿಮೊಟ್ಟೆಗಿಂತ ತುಸು ಚಿಕ್ಕ ಗಟ್ಟಿಯೊಂದನ್ನು ತಂದು ಕ್ಲಬ್ಬಿನ ಮೇಜಿನ ಮೇಲಿಟ್ಟಿದ್ದ. ಅಂದಿನಿಂದ ಅವನು ಸಭೆಗೆ ಕಾಲಿಟ್ಟರೆ ಯಾರಾದರೊಬ್ಬರು ಎದ್ದು ಕುರ್ಚಿ ಕೊಡುತ್ತಿದ್ದರು. ಆ ಜಾಗ ಯಾವುದೆಂದು ನೋಡಲು ವರ್ನಾ ಒಂದು ಸಲ ಅವನ ಗಾಡಿಯ ಹಿಂದೆ ಹದಿನೇಳು ಕಿಲೋಮೀಟರ್ ಹೋಗಿದ್ದಳು. ಅವನು ಸುತ್ತಾಡಿಸಿ ಅವಳನ್ನು ಮೇರಿಬರೋ ಊರಿನ ಪೊಲೀಸ್ ಠಾಣೆಯ ಮುಂದೆ ತಂದು ನಿಲ್ಲಿಸಿ, ಕೈಬೀಸಿ ಹೋಗಿದ್ದ.

ಟ್ಯಾಮ್ಸಿನ್ ಒಂದು ವಾರ ಚಿತ್ರಕ್ಕಾಗಿ ತಲೆ ಕೆಡಿಸಿಕೊಂಡಳು. ಕೊನೆಗೆ ಅದು ಸಿಕ್ಕಿದ್ದು ಒಗೆಯುವ ಕೋಣೆಯ ಕಪಾಟಿನ ಬಾಗಿಲ ಒಳಗೆ. ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದ ಚಿತ್ರ. ಮುರಿದುಬಿದ್ದ ಮನೆಯೊಂದರ ಒಂಟಿ ಹೊಗೆಗೂಡು, ಪಕ್ಕದಲ್ಲಿ ಕವಲೊಡೆದ ಮರ, ಹಿಂದೆ ಮೂರು ಉಬ್ಬಿನ ಗುಡ್ಡ. ಹೊಗೆಗೂಡಿನ ತುದಿ ಗುಡ್ಡದ ಎರಡು ಉಬ್ಬುಗಳ ನಡುವಿನ ಸೀಳಿಗೆ ಸರಿಯಾಗಿ ಸೇರಿತ್ತು.

“ಅಮ್ಮಾ, ಇದು ಯಾರು ಬರೆದಿದ್ದು?”

“ನಿಮ್ಮ ತಾತ. ಅಜ್ಜಿಗೆ ಅಂತ ಬರೆದುಕೊಟ್ಟಿದ್ದು. ಯಾಕೆ?”

“ಎಷ್ಟು ಚೆನ್ನಾಗಿದೆ! ಟೀ ಶರ್ಟಿಗೆ ಹಾಕ್ಲಾ? ತಾತನ್ನ ಕೇಳ್ಬೇಕಾ?”

ಗ್ಲೆನಿಸ್ ಆಗಷ್ಟೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಎಂಬತ್ತು ಜನರ ಪಾತ್ರೆ ಮುಗಿಸಿ ಬಂದಿದ್ದಳು. ಕಾಲು ಸೋತಿತ್ತು. “ಕೇಳೋದೇನು? ಹನ್ನೊಂದು ವರ್ಷದಿಂದ ಅಲ್ಲೇ ನೇತಾಡ್ತಿದೆ. ಹಾಕು, ಖುಷಿಪಡ್ತಾರೆ,” ಅಂದುಬಿಟ್ಟಳು.

ಚಿತ್ರ ಅಚ್ಚಿನ ಪರದೆಗೆ ಇಳಿಯಿತು. ಶನಿವಾರ, ಭಾನುವಾರ, ಸೋಮವಾರ ಮೂರು ದಿನ ಟ್ಯಾಮ್ಸಿನ್ ಅದರ ಮೇಲೆ ಬಣ್ಣ ಸವರುವ ರಬ್ಬರ್ ಪಟ್ಟಿ ಎಳೆದದ್ದೇ ಎಳೆದದ್ದು. ಕಪ್ಪು ಟೀ ಶರ್ಟಿನ ಮೇಲೆ ಕಾವಿ ಬಣ್ಣದ ಗೆರೆಗಳು. ಅಡುಗೆಮನೆಯ ಮೇಜೂ ಹೋಯಿತು. ಮೂವರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕುಂಬಳಕಾಯಿ ಸೂಪು ಕುಡಿದರು. ಆಲ್ವಿನ್ ಕಣ್ಣು ಟಿವಿಯ ಫುಟ್‌ಬಾಲಿನಲ್ಲಿತ್ತು. ಶರ್ಟುಗಳನ್ನು ಅವನು ತಿರುಗಿಯೂ ನೋಡಲಿಲ್ಲ.

ಮಂಗಳವಾರ ಮಧ್ಯಾಹ್ನ ಅವನು ಕಾಡಿನಿಂದ ವಾಪಸ್ಸಾದಾಗ ಹಿತ್ತಲಿನ ಬಟ್ಟೆ ಒಣಹಾಕುವ ಕಂಬ ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು. ಅದರ ನಾಲ್ಕೂ ಕೈಗಳಲ್ಲಿ ಕಪ್ಪು ಶರ್ಟುಗಳು. ಒಂದೊಂದರ ಬೆನ್ನ ಮೇಲೂ ಅವನ ಹೊಗೆಗೂಡು, ಅವನ ಮರ, ಅವನ ಗುಡ್ಡ.

ಗ್ಲೆನಿಸ್ ಕಿಟಕಿಯಿಂದ ನೋಡಿದಾಗ ಅಪ್ಪ ಕ್ಲಿಪ್ಪು ಬಿಚ್ಚದೆಯೇ ಶರ್ಟುಗಳನ್ನು ಕಿತ್ತು ಕಿತ್ತು ಕಂಕುಳಿಗೆ ತುರುಕಿಕೊಳ್ಳುತ್ತಿದ್ದ. ಅವಳು ಓಡಿದಳು. ಟ್ಯಾಮ್ಸಿನ್ ಅವಳಿಗಿಂತ ಮುಂಚೆ ಓಡಿದಳು.

“ತಾತ! ಬಣ್ಣ ಇನ್ನೂ ಒಣಗಿಲ್ಲ! ಬಿಡಿ!”

“ಯಾರು ಕೊಟ್ಟರು ನಿನಗೆ ಇದನ್ನ? ಯಾರನ್ನ ಕೇಳಿ ಹಾಕ್ದೆ?”

“ಅಪ್ಪಾ, ನಾನೇ ಕೊಟ್ಟೆ. ಬರೀ ಚಿತ್ರ ಅಲ್ವಾ?”

“ಬರೀ ಚಿತ್ರಾನಾ?” ಆಲ್ವಿನ್ ಒಂದು ಶರ್ಟನ್ನು ಅವಳ ಮುಖದ ಮುಂದೆ ಹಿಡಿದ. “ಹೊಗೆಗೂಡು ಗುಡ್ಡದ ಸೀಳಿಗೆ ಕೂಡೋ ಹಾಗೆ ನಿಂತ್ಕೊಂಡ್ರೆ ಕಾಲಡಿಲೇ ನನ್ನ ಜಾಗ. ನಾನು ಹೊತ್ತಿಗೆ ಬರದೇ ಇದ್ರೆ ಎಲ್ಲಿ ಹುಡುಕಬೇಕು ಅಂತ ನಿಮ್ಮಮ್ಮನಿಗೆ ಬರೆದುಕೊಟ್ಟಿದ್ದು ಕಣೇ ಇದು. ವರ್ನಾ ಇದನ್ನ ಒಂದ್ಸಲ ನೋಡಿದ್ರೆ ಸಾಕು. ಅರ್ಧ ಗಂಟೇಲಿ ಅಲ್ಲಿರ್ತಾಳೆ. ನೀವು ಅರವತ್ತು ಜನರ ಬೆನ್ನಿಗೆ ಅಂಟಿಸಿದ್ದೀರಿ!”

ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳು ತಾನು, ಇಷ್ಟು ಹೊಳೆಯಲಿಲ್ಲವಲ್ಲ ಅಂತ ಗ್ಲೆನಿಸಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದುರು ಮನೆಯ ಕಿಟಕಿಯ ಪರದೆ ಮುಚ್ಚಿತ್ತು. ಮಗಳೊಂದು ಕಡೆ ಅವಳೊಂದು ಕಡೆ ನಿಂತು ಉಳಿದ ಶರ್ಟುಗಳನ್ನೂ ಇಳಿಸಿ ಒಳಗೆ ಸಾಗಿಸಿದರು. ನಾಲ್ಕು ಶರ್ಟು ಬಣ್ಣ ಮೆತ್ತಿಕೊಂಡು ಹಾಳಾಗಿದ್ದವು.

“ಎಲ್ಲಾ ಸುಟ್ಟುಹಾಕು,” ಅಂದ ಆಲ್ವಿನ್.

“ಸುಡೋದಾ? ನನಗೆ ಸಿಕ್ಕಿರೋ ಮೊದಲ್ನೇ ದೊಡ್ಡ ಕೆಲಸ ಇದು ತಾತ! ಇನ್ನು ಹತ್ತೊಂಬತ್ತು ದಿನಕ್ಕೆ ಈಸ್ಟರು. ಬೇರೆ ಅರವತ್ತು ಶರ್ಟು ಎಲ್ಲಿಂದ ತರಲಿ? ವರ್ನಾ ಹತ್ರ ಏನಂತ ಹೇಳ್ಲಿ?”

“ಏನಾದ್ರೂ ಹೇಳು. ನಿಜ ಒಂದು ಬಿಟ್ಟು.”

ಅಂದಿನಿಂದ ಆಲ್ವಿನ್ ಊಟಕ್ಕೆ ಮೇಜಿಗೆ ಬರುವುದನ್ನು ನಿಲ್ಲಿಸಿದ. ಹಿತ್ತಲ ಶೆಡ್ಡಿನಲ್ಲಿ ಕೂತುಬಿಟ್ಟ. ಟ್ಯಾಮ್ಸಿನ್ ಬಾಗಿಲು ಧಡಾರೆನ್ನಿಸುತ್ತಾ ಓಡಾಡಿದಳು. ಗ್ಲೆನಿಸ್ ಬೆಳಿಗ್ಗೆ ಐದಕ್ಕೆ ಆಸ್ಪತ್ರೆಗೆ ಹೋಗಿ ಅಲ್ಲಿಯವರಿಗೆ ಬೇಯಿಸಿ, ಇಲ್ಲಿ ಬಂದು ಇಬ್ಬರಿಗೂ ಬೇರೆಬೇರೆ ಹೊತ್ತಿಗೆ ಬಡಿಸುವ ಹಾಗಾಯಿತು.

“ಒಂದು ಗುಂಡಿಗೋಸ್ಕರ ಇಷ್ಟೊಂದಾ?” ಅಂತ ಟ್ಯಾಮ್ಸಿನ್ ಆಲೂಗಡ್ಡೆ ಸುಲಿಯುತ್ತಾ ಗೊಣಗಿದಳು.

“ಬಾಯಿ ಮುಚ್ಚು. ತಪ್ಪು ನಂದು, ನಿಂದಲ್ಲ. ಸಿಪ್ಪೆ ತೆಳ್ಳಗೆ ತೆಗಿ.”

ನಾಲ್ಕನೆಯ ದಿನ ಗ್ಲೆನಿಸ್ ಕುರಿಮಾಂಸದ ಚಾಪ್ಸು, ಬಟಾಣಿ ಹಾಕಿದ ತಟ್ಟೆಯನ್ನು ತಾನೇ ಶೆಡ್ಡಿಗೆ ಒಯ್ದಳು. ಕೊಟ್ಟು ವಾಪಸ್ಸು ಬರದೆ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ಅಪ್ಪಾ, ನಾನು ಕ್ಷಮೆ ಕೇಳ್ತೀನಿ. ಆದ್ರೆ ಒಂದು ಹೇಳು. ಅಲ್ಲಿ ಇನ್ನೂ ಎಷ್ಟಿದೆ? ಬೇಕಾದ್ರೆ ಈಸ್ಟರೊಳಗೆ ನಾವು ಮೂರೂ ಜನ ಹೋಗಿ ಇರೋದನ್ನೆಲ್ಲ ಅಗೆದು ತಂದ್ಬಿಡೋಣ. ನಾನು ರಜೆ ಹಾಕ್ತೀನಿ.”

ಆಲ್ವಿನ್ ಚಾಪ್ಸಿನ ಮೂಳೆಯ ಸುತ್ತ ಚಾಕು ಆಡಿಸಿದ.

“ಏನೂ ಇಲ್ಲ,” ಅಂದ.

“ಅಂದ್ರೆ?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಒಂಬತ್ತು ವರ್ಷದಿಂದ ಒಂದು ಚೂರೂ ಸಿಕ್ಕಿಲ್ಲ. ಇಂಚಿಂಚೂ ನೋಡಿ ಆಗಿದೆ. ಜಾಗ ಖಾಲಿ.”

“ಮತ್ತೆ ಮಂಗಳವಾರ ಮಂಗಳವಾರ ಹೋಗಿ ಏನ್ ಮಾಡ್ತೀಯ?”

“ಬ್ರೆಡ್ ತಿಂತೀನಿ. ಮರದ ಕೆಳಗೆ ಮಲಗ್ತೀನಿ. ಒಂದೊಂದ್ಸಲ ಮೆಷೀನು ಆನ್ ಕೂಡ ಮಾಡಲ್ಲ.”

ಗ್ಲೆನಿಸ್ ಕೂತಿದ್ದ ಡಬ್ಬಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. “ಖಾಲಿ ಜಾಗ ಜನಕ್ಕೆ ಗೊತ್ತಾದ್ರೆ ಏನಾಗುತ್ತೆ ಅಪ್ಪಾ?”

“ಖಾಲಿ ಅಂತ ಗೊತ್ತಾಗುತ್ತೆ,” ಅಂದ ಅವನು. “ಅವರು ಎದ್ದು ಕುರ್ಚಿ ಕೊಡೋದು ನನಗಲ್ಲ ಕಣಮ್ಮ, ಆ ಜಾಗಕ್ಕೆ. ಅದೂ ಹೋದ್ರೆ ಆ ಕ್ಲಬ್ಬಲ್ಲಿ ನಾನ್ಯಾರು? ಟೀಗೆ ಸಕ್ಕರೆ ಎಷ್ಟು ಅಂತ ಎಲ್ಲರೂ ಜೋರಾಗಿ ಕೂಗಿ ಕೇಳೋ ಒಬ್ಬ ಮುದುಕ.”

ತಟ್ಟೆ ಅರ್ಧ ಹಾಗೇ ಉಳಿಯಿತು. ಗ್ಲೆನಿಸಳ ಕಣ್ಣು ತುಂಬಿಬಂತು. ಅಪ್ಪನ ಮೇಲೆ ಇಷ್ಟು ಕನಿಕರ ಅವಳಿಗೆ ಅಮ್ಮ ಸತ್ತ ದಿನವೂ ಆಗಿರಲಿಲ್ಲ. ಟ್ಯಾಮ್ಸಿನ್‌ಗೆ ಹೇಳಬೇಡ ಅಂತ ಅವನು ಮಾತು ತೆಗೆದುಕೊಂಡ. ಅವಳು ಕೊಟ್ಟಳು.

ಒಳಗೆ ಬಂದವಳೇ ಮಗಳನ್ನು ಕೇಳಿದಳು. “ಹಾಕಿರೋ ಚಿತ್ರದ ಮೇಲೆ ಇನ್ನೊಂದು ಹಾಕಬಹುದಾ?”

“ಗಟ್ಟಿ ಬಣ್ಣ ಎರಡು ಸಲ ಎಳೆದ್ರೆ ಕೆಳಗಿನ ಗೆರೆ ಮುಚ್ಚುತ್ತೆ. ಯಾಕಮ್ಮಾ?”

“ಆ ಸೀಳನ್ನ ಮುಚ್ಚೋ ಹಾಗೆ ಏನಾದ್ರೂ ಹಾಕು.”

ಟ್ಯಾಮ್ಸಿನ್ ಕಾಗದದ ಮೇಲೆ ಗೀಚಿದಳು. ಹದ್ದು ಹಾಕಿದರೆ ಚಿಕ್ಕದಾಯಿತು. ಮೋಡ ಹಾಕಿದರೆ ಕುರಿಯ ಹಾಗೆ ಕಂಡಿತು. ಕೊನೆಗೆ ಗುಡ್ಡದ ನಡುವೆ ಒಂದು ದೊಡ್ಡ ಹಳದಿ ಸೂರ್ಯನನ್ನು ಕೂರಿಸಿದಳು. ಸೀಳೂ ಹೋಯಿತು, ಹೊಗೆಗೂಡಿನ ತುದಿಯೂ ಹೋಯಿತು. ಗ್ಲೆನಿಸ್ ಆ ಕಾಗದವನ್ನು ಶೆಡ್ಡಿನ ಬಾಗಿಲ ಕೆಳಗೆ ತಳ್ಳಿ ಬಂದಳು.

ಹತ್ತು ನಿಮಿಷಕ್ಕೆ ಆಲ್ವಿನ್ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ.

“ಕೆಳಗೆ ‘ಸಂಜೆ ಊಟಕ್ಕೆ’ ಅಂತ ಇರುತ್ತಲ್ವಾ?” ಅಂದ.

“ಹೂಂ.”

“ಹಾಗಾದ್ರೆ ಇದು ಮುಳುಗೋ ಸೂರ್ಯ.”

“ಹೂಂ ತಾತ. ಯಾಕೆ, ಚೆನ್ನಾಗಿಲ್ವಾ?”

“ನನ್ನ ಗುಡ್ಡದ ಹಿಂದೆ ಸೂರ್ಯ ಹುಟ್ಟುತ್ತಾನೆ, ಮುಳುಗಲ್ಲ.” ಅವನ ತುಟಿಯ ಒಂದು ತುದಿ ಮೇಲೆದ್ದಿತು. “ಇದನ್ನ ನೋಡಿ ಹೊರಟೋರು ಗುಡ್ಡದ ಆ ಕಡೆಗೆ ಹೋಗ್ತಾರೆ. ಅಲ್ಲೂ ಒಂದು ಹಳೇ ಹೊಗೆಗೂಡಿದೆ. ಹೋಗಿ ಬೇಕಾದಷ್ಟು ಅಗೀಲಿ. ಸೂರ್ಯನ್ನ ಇನ್ನೂ ಸ್ವಲ್ಪ ಕೆಳಗಿಳಿಸು. ಹಾಂ, ಅಷ್ಟು. ಈ ಮರಕ್ಕೆ ಇನ್ನೊಂದು ಕವಲು ಹಾಕೋಕಾಗುತ್ತಾ?”

ಮುಂದಿನ ಹತ್ತು ದಿನ ಅಜ್ಜ ಮೊಮ್ಮಗಳು ಆ ಕೋಣೆಯಲ್ಲೇ ಬಿಡಾರ ಹೂಡಿದರು. ಅವನು ಚೌಕಟ್ಟು ಹಿಡಿದುಕೊಂಡ, ಅವಳು ಪಟ್ಟಿ ಎಳೆದಳು. ಅವನು ಇಸ್ತ್ರಿ ಪೆಟ್ಟಿಗೆಯಿಂದ ಬಣ್ಣಕ್ಕೆ ಕಾವು ಕೊಟ್ಟ, ಅವಳು ಮಡಿಸಿದಳು. ಹಾಳಾದ ನಾಲ್ಕರ ಬದಲು ಹೊಸ ಶರ್ಟು ತಂದು ಅಚ್ಚು ಹಾಕಿದರು. “ಒತ್ತಬೇಡಿ ತಾತ, ಸುಮ್ನೆ ಇಡಿ.” “ನನಗೆ ಇಸ್ತ್ರಿ ಹೇಳಿಕೊಡ್ತೀಯಾ? ಒಂದಿನಾನಾದ್ರೂ ನಿನ್ನ ಅಂಗಿ ಇಸ್ತ್ರಿ ಮಾಡ್ಕೊಂಡಿದ್ದೀಯಾ?” ಎಂಬ ಮಾತುಗಳು ಅಡುಗೆಮನೆಗೆ ಕೇಳಿಬರುತ್ತಿದ್ದವು. ಊಟಕ್ಕೆ ಇಬ್ಬರೂ ಒಟ್ಟಿಗೇ ಬಂದರು. ಒಗೆಯದ ಬಟ್ಟೆಯ ರಾಶಿ ಹಜಾರದ ತನಕ ಬಂದಿತ್ತು. ಗ್ಲೆನಿಸ್ ತಕರಾರು ಮಾಡಲಿಲ್ಲ.

ಈಸ್ಟರ್ ಶನಿವಾರ ಕ್ಲಬ್ಬಿನವರೆಲ್ಲ ಮೈದಾನದಲ್ಲಿ ಸೇರಿದರು. ಶರ್ಟು ಹಾಕಿಕೊಂಡ ಕೂಡಲೇ ಒಬ್ಬರ ಬೆನ್ನನ್ನು ಇನ್ನೊಬ್ಬರು ಬಹಳ ಹೊತ್ತು ನೋಡುತ್ತಾ ನಿಂತರು. ಚಿತ್ರ ಆಲ್ವಿನ್‌ದು ಎಂದು ಟ್ಯಾಮ್ಸಿನ್ ಬಾಯಿಂದ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಏನೂ ಕೇಳಲಿಲ್ಲ. ಸಾಸೇಜು ಮುಗಿಯುವ ಮುಂಚೆಯೇ ನಾಲ್ಕು ಗಾಡಿ ಮೈದಾನದಿಂದ ಮೆಲ್ಲಗೆ ಗುಡ್ಡದ ದಾರಿ ಹಿಡಿದವು. ಆಲ್ವಿನ್ ಕುರ್ಚಿಯಲ್ಲಿ ಕೂತು ಅವುಗಳನ್ನು ಎಣಿಸಿದ. ಸಂಜೆ ಮನೆಗೆ ಬರುವ ತನಕ ಅವನ ಮುಖದಿಂದ ನಗು ಮಾಸಲಿಲ್ಲ.

ಮೇ ತಿಂಗಳ ನಾಲ್ಕನೇ ಭಾನುವಾರ, ಚಳಿಗಾಲ ಹತ್ತಿರವಾಗಿ ಚಳಿ ಬಿದ್ದಿತ್ತು. ಊಟ ಮುಗಿಸಿ ಮೂವರೂ ಮೇಜಿನ ಸುತ್ತ ಕೂತಿದ್ದಾಗ ವರ್ನಾ ಒಂದು ಹಣ್ಣಿನ ಕೇಕು ಹಿಡಿದುಕೊಂಡು ಬಂದಳು. ಸ್ವೆಟರಿನ ಮೇಲೆ ಅದೇ ಶರ್ಟು. ಕೂತವಳು ಕಳಚಿಟ್ಟ ಕೋಟಿನ ಜೇಬಿನಿಂದ ಮಾತ್ರೆಯ ಸೀಸೆಯೊಂದನ್ನು ತೆಗೆದು ಮೇಜುಬಟ್ಟೆಯ ಮೇಲೆ ಬಗ್ಗಿಸಿದಳು. ಕಡಲೆಕಾಳಿನಷ್ಟು ದಪ್ಪದ ಎರಡು ಚಿನ್ನದ ಚೂರು.

ಟ್ಯಾಮ್ಸಿನ್ ಬಾಯಿ ತೆರೆದಳು. ಗ್ಲೆನಿಸ್ ಅವಳ ಕಾಲು ತುಳಿದಳು.

“ಏಳು ವಾರ ಬಿಡದೆ ಹೋದೆ,” ಅಂದಳು ವರ್ನಾ. “ಉಳಿದೋರು ಬೇಜಾರಾಗಿ ಬಿಟ್ಟುಬಿಟ್ರು. ನಾನು ಬಿಡಲಿಲ್ಲ. ಮೊನ್ನೆ ಆ ಹೊಗೆಗೂಡಿನ ಹಿಂದೆ, ಮೊಣಕೈ ಆಳದಲ್ಲಿ ಸಿಕ್ತು. ಆಲ್ವಿನ್, ಇಪ್ಪತ್ತು ವರ್ಷ ನಿನ್ನನ್ನ ಜಿಪುಣ ಅಂತ ಬಯ್ದಿದ್ದೀನಿ. ನೀನು ನೋಡಿದ್ರೆ ಕ್ಲಬ್ಬಿಗೆ ನಲವತ್ತು ತುಂಬಿತು ಅಂತ ನಿನ್ನ ಜಾಗಾನೇ ಎಲ್ಲರ ಬೆನ್ನ ಮೇಲೆ ಬರೆದುಕೊಟ್ಟೆ. ಸುಳಿವು ನಿಂದು. ಅರ್ಧ ನಿಂದು.” ದೊಡ್ಡ ಚೂರನ್ನು ಬೆರಳ ತುದಿಯಿಂದ ಅವನ ಕಡೆ ತಳ್ಳಿದಳು.

ಆಲ್ವಿನ್ ಅದನ್ನು ನೋಡಿದ. ಒಂಬತ್ತು ವರ್ಷದಿಂದ ಅವನ ಮುಂದೆ ಇಂಥದ್ದೊಂದು ಬಿದ್ದಿರಲಿಲ್ಲ. ತೆಗೆದುಕೊಂಡರೆ ಕೇಳುವವರಿಲ್ಲ. ಮುಂದಿನ ಸಭೆಯಲ್ಲಿ ಇಡೀ ಕ್ಲಬ್ಬು ಎದ್ದು ನಿಲ್ಲುತ್ತದೆ. ತೆಗೆದುಕೋ ಅಪ್ಪಾ, ಸುಮ್ಮನೆ ತೆಗೆದುಕೋ ಅಂತ ಗ್ಲೆನಿಸ್ ಮನಸ್ಸಿನಲ್ಲೇ ಬೇಡಿಕೊಂಡಳು.

ಅವನು ಚೂರನ್ನು ವಾಪಸ್ಸು ತಳ್ಳಿದ.

“ಆ ಸೂರ್ಯ ಸುಳ್ಳು, ವರ್ನಾ.”

“ಏನಂದೆ?”

“ನಿಮ್ಮನ್ನೆಲ್ಲ ದಾರಿ ತಪ್ಪಿಸೋಕೆ ಹಾಕಿದ್ದು. ನನ್ನ ಜಾಗ ಗುಡ್ಡದ ಈ ಕಡೆ. ಅಲ್ಲೂ ಏನೂ ಇಲ್ಲ. ಒಂಬತ್ತು ವರ್ಷದಿಂದ ಖಾಲಿ. ನಾನು ಅಲ್ಲಿಗೆ ನಿದ್ದೆ ಮಾಡೋಕೆ ಹೋಗೋದು. ನಿನಗೆ ಸಿಕ್ಕಿದ್ದು ನಿನ್ನ ಹಣೇಲಿ ಬರೆದಿದ್ದು. ಇಟ್ಕೋ.”

ಟ್ಯಾಮ್ಸಿನ್ ತಾತನನ್ನೇ ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಗ್ಲೆನಿಸ್ ತಲೆ ತಗ್ಗಿಸಿ ಕೇಕಿನ ಪುಡಿ ಒಟ್ಟುಮಾಡತೊಡಗಿದಳು.

“ಅಂದ್ರೆ,” ಅಂದಳು ವರ್ನಾ ನಿಧಾನವಾಗಿ, “ಏಳು ವಾರ ಇಡೀ ಕ್ಲಬ್ಬು ಸುಳ್ಳು ಚಿತ್ರ ನೋಡ್ಕೊಂಡು ನೆಲ ಅಗೆದಿದೆ.”

“ಹೂಂ.”

“ನನ್ನ ಸೊಂಟ ಬಿದ್ದುಹೋಗಿದೆ ಮಾರಾಯ!”

“ಕ್ಲಬ್ಬಲ್ಲಿ ಹೇಳ್ಬೇಕು ಅನ್ನಿಸಿದ್ರೆ ಹೇಳು,” ಅಂದ ಆಲ್ವಿನ್. “ನಿಂತುಕೊಂಡೇ ಸಭೆ ಕೇಳ್ತೀನಿ.”

ವರ್ನಾ ಎರಡೂ ಚೂರುಗಳನ್ನು ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು. ಬಾಗಿಲ ತನಕ ಹೋದ ವರ್ನಾ ಅಲ್ಲೇ ನಿಂತಳು.

“ಅಲ್ಲಿ ಇನ್ನೂ ಇದೆ ಕಣೋ. ದೊಡ್ಡ ಬಂಡೆಯ ಕೆಳಗೆ ಮೆಷೀನು ಕೂಗ್ತಾ ಇದೆ. ಒಬ್ಬಳೇ ಎತ್ತೋಕೆ ಆಗಲ್ಲ, ಬೇರೆಯವರಿಗೆ ತೋರಿಸೋಕೆ ಮನಸ್ಸಿಲ್ಲ. ನಾಳೆ ಏಳಕ್ಕೆ ಗಾಡಿ ತರ್ತೀನಿ. ಬರ್ತೀಯಾ?”

ಆಲ್ವಿನ್ ಕೇಕಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದ.

“ಏಳಕ್ಕಾ?” ಅಂದ. “ಅಲ್ಲಿವರೆಗೂ ಬಿದ್ಕೊಂಡಿರ್ತೀಯಾ? ಆರೂವರೆಗೆ ಬಾ.”